ಲಿಂಗ ಬಿಚ್ಚಿಟ್ಟು ಜಿಗಿ ಎಂದರು

ಸೈನ್ಯದಲ್ಲಿದ್ದವನು ಎಂದು ಗೊತ್ತಾದ ಕೂಡಲೇ ಜನ ನನ್ನಿಂದ ರಕ್ತದ ಕಥೆ ಕೇಳಬಯಸುತ್ತಾರೆ. ನನ್ನ ಹತ್ತಿರ ರಕ್ತದ ಕಥೆ ಇಲ್ಲ. ಉಗುಳು, ವಾಂತಿ, ಉಚ್ಚೆಯ ಕಥೆ ಇದೆ. ಓದಲು ಹೇಸಿಗೆಯಾದರೆ ಇಲ್ಲಿಗೇ ಬಿಟ್ಟುಬಿಡಿ. ಅದನ್ನೆಲ್ಲ ಕೈಯಾರೆ ಬಳಿದವನು ನಾನು, ನನಗೇ ಇನ್ನೂ ಆ ಹೇಸಿಗೆ ಹೋಗಿಲ್ಲ.

ಎರಡನೆಯ ಮಹಾಯುದ್ಧ ನಡೆದಿತ್ತು. ಮೂಡಲಗಿಯಿಂದ ಮೇಲವಂಕಿಯ ಕಡೆಗಿನ ಬಯಲಿನಲ್ಲಿ, ಜೋಳ ಕೊಯ್ದ ಕರಿಮಣ್ಣಿನ ಹೊಲಗಳ ನಡುವೆ ನಮ್ಮ ತುಕಡಿಯ ಡೇರೆಗಳು ಎದ್ದಿದ್ದವು. ಬೆಳಗಾವಿಯ ಕಡೆಯಿಂದ ವಿಮಾನ ಬಂದು ಡೇರೆಗಳ ಪಕ್ಕದ ಸಮತಟ್ಟಾದ ನೆಲದ ಮೇಲೆ ಇಳಿಯುತ್ತಿತ್ತು. ಸಿಪಾಯಿಗಳನ್ನು ತುಂಬಿಕೊಂಡು ಮೇಲಕ್ಕೆ ಹೋಗಿ, ಆಚೆ ಬದಿಯ ಹೊಲಗಳ ಮೇಲೆ ಒಬ್ಬೊಬ್ಬರನ್ನಾಗಿ ಉದುರಿಸುತ್ತಿತ್ತು. ಪ್ಯಾರಾಶೂಟಿಗೆ ನಮ್ಮವರು ಹವಾಯಿ ಛತ್ರಿ ಎನ್ನುತ್ತಿದ್ದರು. ಆಕಾಶದಿಂದ ಜಿಗಿದು ವೈರಿಯ ಬೆನ್ನ ಹಿಂದೆ ಇಳಿಯುವ ವಿದ್ಯೆಯನ್ನು ಅಲ್ಲಿ ಕಲಿಸುತ್ತಿದ್ದರು. ನಾನು ದವಾಖಾನೆ ಡೇರೆಯ ಕಂಪೌಂಡರ್. ಹುಕ್ಕೇರಿಯ ಜೈನರ ಮನೆಯವನು, ಕನ್ನಡ ಮರಾಠಿ ಎರಡೂ ನಾಲಿಗೆಯ ಮೇಲೆ ಇದ್ದವು. ಹೀಗಾಗಿ ಡಾಕ್ಟರ ಸಾಹೇಬರ ದುಭಾಷಿ ಕೆಲಸವೂ ನನ್ನ ಕೊರಳಿಗೇ ಬಿತ್ತು.

ಡಾಕ್ಟರ ಸಾಹೇಬರು ಪುಣೆಯ ಕಡೆಯವರು. ಬಹಳ ಓದಿದವರು. ಅತ್ತರು ಹಚ್ಚಿದ ಕರವಸ್ತ್ರವನ್ನು ಸದಾ ಮೂಗಿಗೆ ಹಿಡಿದಿರುತ್ತಿದ್ದರು. ಅವರಿಗೆ ಒಂದು ಹುಚ್ಚು ಹಿಡಿದಿತ್ತು, ಮನುಷ್ಯನ ಅಂಜಿಕೆಯನ್ನು ಸಂತೆಯ ಕಾಯಿಪಲ್ಲೆಯ ಹಾಗೆ ತೂಗಿ ನೋಡುವ ಹುಚ್ಚು. ವಿಮಾನ ಹತ್ತುವ ಮೊದಲು ಪ್ರತಿಯೊಬ್ಬನ ನಾಡಿ ನೋಡಬೇಕು. ಉಚ್ಚೆಯನ್ನು ಬಾಟಲಿಯಲ್ಲಿ ಹಿಡಿಯಬೇಕು. ಆಮೇಲೆ ಒಂದು ಚಮಚ ಪುಟಾಣಿ ಹಿಟ್ಟನ್ನು ಬಾಯಿಗೆ ಹಾಕಿ, ಅಗಿಸಿ, ತಾಟಿಗೆ ಉಗುಳಿಸಬೇಕು. ಅಂಜಿದವನ ಬಾಯಿ ಒಣಗುತ್ತದೆ, ಹಿಟ್ಟು ಹಾಕಿದ ಹಾಗೇ ಪುಡಿಯಾಗಿ ಹೊರಗೆ ಬರುತ್ತದೆ. ಧೈರ್ಯವಂತನ ಬಾಯಲ್ಲಿ ಅದು ನೆನೆದು ಮುದ್ದೆಯಾಗುತ್ತದೆ. ಇದು ಅವರ ಶಾಸ್ತ್ರ. ತಾಟು ಹಿಡಿದು ನಿಲ್ಲುವವನು ನಾನು. ಬೆರಳಿನಿಂದ ಮುಟ್ಟಿ ಹಸಿಯೋ ಒಣವೋ ಎಂದು ಹೇಳಬೇಕಾದವನೂ ನಾನೇ. ಥೂ! ದಿನಕ್ಕೆ ಎಷ್ಟು ಸಲ ಕೈ ತೊಳೆದರೂ ಊಟಕ್ಕೆ ಕೂತಾಗ ರೊಟ್ಟಿ ಮುರಿಯಲು ಮನಸ್ಸಾಗುತ್ತಿರಲಿಲ್ಲ.

ಮೈ ಎಂಬುದು ಮನಸ್ಸಿಗಿಂತ ಮೊದಲೇ ಅಂಜುತ್ತದೆ ಎಂಬುದನ್ನು ನಾನು ಅಲ್ಲಿ ಕಂಡೆ. ವಿಮಾನದ ಸಪ್ಪಳ ದೂರದಲ್ಲಿ ಕೇಳಿದ ಕೂಡಲೇ ಸಾಲಿನಲ್ಲಿ ನಿಂತವರು ಆಕಳಿಸಲು ಸುರು ಮಾಡುತ್ತಿದ್ದರು. ನಿದ್ದೆಯ ಆಕಳಿಕೆಯಲ್ಲ ಅದು, ದವಡೆ ಕಳಚಿ ಬೀಳುವಂಥ ಆಕಳಿಕೆ. ಆಗಷ್ಟೇ ಉಚ್ಚೆ ಹೊಯ್ದು ಬಂದವನು ಮತ್ತೆ ಬೇಲಿಯ ಕಡೆಗೆ ಓಡುತ್ತಿದ್ದ. ಮೂಕನಂತಿರುವವನು ಅಂದು ಬಾಯಿ ಮುಚ್ಚುತ್ತಿರಲಿಲ್ಲ, ಹರಟೆಮಲ್ಲ ಕಲ್ಲಾಗುತ್ತಿದ್ದ. ಉರಿಬಿಸಿಲಿನಲ್ಲೂ ಬೆರಳ ತುದಿ ತಣ್ಣಗಿರುತ್ತಿತ್ತು. ಬೆವರಿನ ವಾಸನೆ ಕೂಡ ಬೇರೆ. ಹೊಲದಲ್ಲಿ ದುಡಿದವನ ಬೆವರು ಯಾರಿಗೂ ಹೊಟ್ಟೆ ತೊಳಸುವುದಿಲ್ಲ, ಈ ಬೆವರಿಗೆ ಹಳಸಿದ ಸಾರಿನ ನಾತ ಇತ್ತು. ಒಳಗೆ ಹತ್ತಿದ ಮೇಲಂತೂ ಕೇಳುವುದೇ ಬೇಡ. ಕರಿನೆಲದ ಬಿಸಿಗಾಳಿ ವಿಮಾನವನ್ನು ಎತ್ತಿ ಎತ್ತಿ ಒಗೆಯುತ್ತಿತ್ತು. ಒಬ್ಬ ಕಾರಿದನೆಂದರೆ ಸಾಲಿಗೆ ಸಾಲೇ ಕಾರುತ್ತಿತ್ತು. ಬಕೀಟು ನನ್ನ ಕೈಯಲ್ಲಿ. ಸಾಹೇಬರ ಕೈಯಲ್ಲಿ ಅತ್ತರಿನ ಕರವಸ್ತ್ರ, ಅದೂ ನೆಲದ ಮೇಲೆ ನಿಂತು. ಅವರು ಒಮ್ಮೆಯೂ ಮೇಲಕ್ಕೆ ಬರಲಿಲ್ಲ.

ಜಿಗಿಯುವ ಕ್ರಮ ಹೀಗಿತ್ತು. ವಿಮಾನದ ಮಾಡಿನ ಕೆಳಗೆ ಒಂದು ತಂತಿ ಎಳೆದಿತ್ತು. ಕೆಂಪು ದೀಪ ಹತ್ತಿದಾಗ ಎಲ್ಲರೂ ಎದ್ದು, ಬೆನ್ನ ಮೇಲಿನ ಛತ್ರಿಯ ಪಟ್ಟಿಯ ಕೊಂಡಿಯನ್ನು ಅದಕ್ಕೆ ಸಿಕ್ಕಿಸಬೇಕು. ಹಸಿರು ದೀಪ ಹತ್ತಿದರೆ ಬಾಗಿಲಿನಿಂದ ಹೊರಗೆ. ಮನುಷ್ಯ ಬಿದ್ದಂತೆ ಪಟ್ಟಿ ಜಗ್ಗಿ ಛತ್ರಿಯನ್ನು ಬಿಚ್ಚುತ್ತದೆ. ಬಿಚ್ಚಿಕೊಂಡಾಗ ಮೈಗೆ ಕಟ್ಟಿದ ಪಟ್ಟಿಗಳೆಲ್ಲ ಒಮ್ಮೆಲೇ ಮೇಲಕ್ಕೆ ಸೆಳೆದುಕೊಳ್ಳುತ್ತವೆ. ಆ ಪಟ್ಟಿಗಳೆಲ್ಲ ಬಂದು ಸೇರುವುದು ಎದೆಯ ನಟ್ಟನಡುವೆ ಇರುವ ಒಂದು ಕಬ್ಬಿಣದ ಡಬ್ಬಿಗೆ. ನೆಲ ಮುಟ್ಟಿದ ಮೇಲೆ ಅದನ್ನು ತಿರುವಿ ಗುದ್ದಿದರೆ ಎಲ್ಲ ಪಟ್ಟಿಗಳೂ ಕಳಚಿ ಬೀಳುತ್ತವೆ. ನಾನು ಹೇಳಹೊರಟ ತಾಪತ್ರಯಕ್ಕೆಲ್ಲ ಮೂಲ ಆ ಡಬ್ಬಿ.

ಕೌಜಲಗಿಯ ಒಬ್ಬ ತರುಣನಿದ್ದ. ಲಿಂಗಾಯತರ ಒಕ್ಕಲುತನದ ಮನೆಯವನು, ಹೊಸದಾಗಿ ಮದುವೆಯಾದವನು. ಕೊರಳಲ್ಲಿ ಬೆಳ್ಳಿಯ ಕರಡಿಗೆ, ಅದರೊಳಗೆ ಇಷ್ಟಲಿಂಗ. ಕರಡಿಗೆ ಬಂದು ಕೂರುತ್ತಿದ್ದ ಜಾಗವೂ ಆ ಕಬ್ಬಿಣದ ಡಬ್ಬಿಯ ಜಾಗವೂ ಒಂದೇ. ಅವನು ಅಂಜುತ್ತಿರಲಿಲ್ಲ ಎಂದು ಯಾರಾದರೂ ಅಂದರೆ ನಾನೇ ನಗುತ್ತೇನೆ. ತುಕಡಿಯಲ್ಲೇ ಎಲ್ಲರಿಗಿಂತ ಒಣಬಾಯಿ ಅವನದು. ಅವನು ಉಗುಳಿದ ಹಿಟ್ಟನ್ನು ಮತ್ತೆ ಹಿಟ್ಟಿನ ಡಬ್ಬಿಗೇ ಹಾಕಬಹುದಿತ್ತು. ಆದರೂ ಹಸಿರು ದೀಪ ಹತ್ತಿದಾಗ ಅಂಗಿಯ ಮೇಲಿಂದ ಒಮ್ಮೆ ಎದೆ ಮುಟ್ಟಿಕೊಂಡು ಹೊರಗೆ ಹೋಗಿಬಿಡುತ್ತಿದ್ದ.

ಮೂರನೆಯ ಜಿಗಿತದಲ್ಲಿ ಎಡವಟ್ಟಾಯಿತು. ಛತ್ರಿ ಬಿಚ್ಚಿ ಜಗ್ಗಿದ ರಭಸಕ್ಕೆ ಲಿಂಗದ ದಾರ ಪಟ್ಟಿಗೆ ಸಿಕ್ಕಿ, ಕರಡಿಗೆ ಮೇಲಕ್ಕೆ ಚಿಮ್ಮಿ ಗದ್ದಕ್ಕೆ ಬಡಿಯಿತು. ದಾರ ಕೊರಳನ್ನು ಕೊಯ್ದಿತ್ತು. ಗದ್ದ ಹೊಲಿಯುವಾಗ ಜಿಗಿತ ಕಲಿಸುವ ಉಸ್ತಾದ, ಪಂಜಾಬದ ಹವಾಲ್ದಾರ, ಬಂದು ನಿಂತು ನೋಡಿದ. ಇನ್ನು ಮೇಲೆ ಯಾರ ಕೊರಳಲ್ಲೂ ಏನೂ ಇರಕೂಡದು, ದಾರ ಸಿಕ್ಕಿ ಒಂದು ದಿನ ಯಾವನಾದರೂ ಗಾಳಿಯಲ್ಲೇ ಉರುಲು ಹಾಕಿಕೊಳ್ಳುತ್ತಾನೆ ಎಂದ. ಅವನ ಮಾತಿನಲ್ಲಿ ತಪ್ಪಿರಲಿಲ್ಲ. ಮರಾಠಾ ಹುಡುಗರು ತಾಯಿತ ಬಿಚ್ಚಿ ಟ್ರಂಕಿಗೆ ಹಾಕಿದರು. ಕೌಜಲಗಿಯವನು ನನ್ನ ಡೇರೆಗೆ ಬಂದ.

"ಕಂಪೌಂಡರ್ರ, ಟ್ರಂಕನ್ಯಾಗ ಚಪ್ಲಿ ಬೂಟಿನ ಬಾಜೂ ಇಡಾಕ ಮನಸ್ಸ ಒಲ್ಲದರಿ. ನಿಮ್ಮ ಔಷಧದ ಕಪಾಟನ್ಯಾಗ ಮ್ಯಾಲಿನ ಅರಿ ಖಾಲಿ ಮಾಡಿ ಕೊಡ್ತೀರೇನ್ರಿ?"

"ಇಡಪಾ. ನಾ ಮುಟ್ಟಬೇಕೇನು?"

"ಬ್ಯಾಡ್ರಿ. ನಾನ ಇಡ್ತೇನಿ. ನೀವ ಬಾಗಲಾ ಅಷ್ಟ ಹಾಕ್ರಿ."

ಒಬ್ಬರ ಲಿಂಗವನ್ನು ಇನ್ನೊಬ್ಬರು ಮುಟ್ಟುವುದಿಲ್ಲ, ಅದು ಮೈ ಬಿಟ್ಟು ಇರುವುದೂ ಇಲ್ಲ. ನಮ್ಮ ಸೀಮೆಯಲ್ಲಿ ಹುಟ್ಟಿದ ಜೈನನಿಗೂ ಇದು ಗೊತ್ತಿರುತ್ತದೆ. ಅವನು ಅದನ್ನು ಮೇಲಿನ ಅರೆಯಲ್ಲಿ ಇಟ್ಟು ಹಿಂದಕ್ಕೆ ಸರಿದಾಗ ಎರಡು ಕೈಗಳನ್ನು ಎಲ್ಲಿಟ್ಟುಕೊಳ್ಳಬೇಕೆಂದು ತಿಳಿಯದವನಂತೆ ನಿಂತಿದ್ದ.

ಅಂದು ವಿಮಾನದಲ್ಲಿ ಆದದ್ದನ್ನು ನಾನು ಕಣ್ಣಾರೆ ಕಂಡೆ. ಹಸಿರು ದೀಪ ಹತ್ತಿತು. ಮುಂದಿನವರು ಹೋದರು. ಇವನು ಬಾಗಿಲಿಗೆ ಬಂದ, ಕೈ ಎದೆಗೆ ಹೋಯಿತು, ಅಲ್ಲಿ ಏನೂ ಸಿಗಲಿಲ್ಲ. ಅಷ್ಟೇ. ಎರಡೂ ಕೈ ಬಾಗಿಲ ಚೌಕಟ್ಟಿಗೆ ಕಚ್ಚಿಕೊಂಡವು. ಉಸ್ತಾದ ಕೂಗಿದ, ಹೆಗಲಿಗೆ ಗುದ್ದಿದ, ಬೆರಳುಗಳನ್ನು ಒಂದೊಂದಾಗಿ ಬಿಡಿಸಲು ನೋಡಿದ. ಒಂದು ಬೆರಳು ಬಿಡಿಸಿದರೆ ಇನ್ನೊಂದು ಮತ್ತೆ ಹಿಡಿಯುತ್ತಿತ್ತು. ಹುಡುಗನ ಕಣ್ಣು ತೆರೆದಿದ್ದವು, ಕಿವಿ ಮಾತ್ರ ಸತ್ತಿದ್ದವು. ಅವನ ಪ್ಯಾಂಟು ತೊಯ್ದು ಬೂಟಿನವರೆಗೆ ಇಳಿಯಿತು. ಅವನ ಹಿಂದಿದ್ದವರು ಅದರಲ್ಲೇ ಕಾಲಿಟ್ಟು ನಿಂತರು. ವಿಮಾನ ಅವನನ್ನು ಹೊತ್ತುಕೊಂಡೇ ಕೆಳಗಿಳಿಯಿತು. ಚಿಂದಿ ಬಟ್ಟೆ ಹಿಡಿದು ನೆಲ ಒರೆಸುತ್ತ ನಾನು ಅವನನ್ನೂ ಬೈದೆ, ನನ್ನ ಹಣೆಬರಹವನ್ನೂ ಬೈದೆ.

ಡಾಕ್ಟರ ಸಾಹೇಬರ ಮುಖದಲ್ಲಿ ಮದುವೆಯ ಕಳೆ ಬಂದಿತ್ತು. ಇಂಥ ಒಬ್ಬನನ್ನೇ ಅವರು ಕಾಯುತ್ತಿದ್ದರಂತೆ. ತೊಯ್ದ ಪ್ಯಾಂಟಿನಲ್ಲೇ ಅವನನ್ನು ನಿಲ್ಲಿಸಿ ನಾಡಿ ನೋಡಿದರು, ಕಣ್ಣಿನ ರೆಪ್ಪೆ ಎತ್ತಿ ನೋಡಿದರು, ನಾಲಿಗೆ ಹೊರಗೆ ಹಾಕಿಸಿದರು. ಅವನಿಗೆ ಒಂದು ಒಣ ಧೋತರ ಕೊಡೋಣ ಎಂದರೆ ತಡಿ ತಡಿ ಎಂದರು. ಅಂಜಿದವನ ಮೇಲೆ ಕಪ್ಪೆ ಒಗೆದರು ಎನ್ನುತ್ತಾರಲ್ಲ, ಹಾಗೆ. ಸಾಲಿನಲ್ಲಿದ್ದವರು ನೋಡಿ ಕಿಸಕ್ಕೆಂದರು. ಆಮೇಲೆ ಅವನನ್ನು ಪಹರೆಯ ಡೇರೆಯಲ್ಲಿ ಕೂರಿಸಿದರು. ಮುಂದಿನ ಹಾರಾಟದಲ್ಲಿ ಜಿಗಿಯಲೇಬೇಕು, ಇಲ್ಲವಾದರೆ ಅಂಜುಬುರುಕನೆಂದು ಹೆಸರಿಟ್ಟು ಮನೆಗೆ ಅಟ್ಟುತ್ತೇವೆ ಎಂದು ತುಕಡಿಯ ಮುಖ್ಯಸ್ಥ ದೊಡ್ಡ ಸಾಹೇಬರ ಅಪ್ಪಣೆಯಾಯಿತು.

ಯಾಕೆ ಜಿಗಿಯಲಿಲ್ಲ ಕೇಳು ಎಂದು ಡಾಕ್ಟರ ಸಾಹೇಬರು ನನಗೆ ಹೇಳಿದರು. ಕೇಳಿದೆ.

"ಅಂಜಿಕಿ ಮದಲಿಂದನೂ ಐತ್ರಿ," ಎಂದ ಅವನು. "ಅಂಜಿಕೊಂಡ ಅಂಜಿಕೊಂಡ ಜಿಗದೇನಿ. ಛತ್ರಿ ಬಿಚ್ಚದಿದ್ರ ಸಾಯ್ತೇನಿ, ಅದೂ ಗೊತ್ತೈತಿ. ಆದ್ರ ಮೈಮ್ಯಾಲ ಲಿಂಗ ಇಲ್ದ ಸತ್ರ ನನ್ನ ಹೆಂಗ ಮಣ್ಣ ಮಾಡ್ತಾರ್ರಿ? ಕೈಯಾಗ ಏನ ಇಡ್ತಾರ? ನಾ ಜಿಗೀಬೇಕಂತನ ಹ್ವಾದೇನ್ರಿ, ಕೈ ಬಿಡಲಿಲ್ಲ."

ಅವರಲ್ಲಿ ಸತ್ತವರನ್ನು ಕೂರಿಸಿ, ಎಡಗೈಯಲ್ಲಿ ಅವರ ಲಿಂಗವನ್ನು ಇಟ್ಟು ಮಣ್ಣು ಮಾಡುತ್ತಾರೆ. ಇದನ್ನು ಮರಾಠಿಯಲ್ಲಿ ಹೇಳಿದೆ. ಸಾಹೇಬರಿಗೆ ಗೊತ್ತಿಲ್ಲದ ವಿಷಯವೇನಲ್ಲ ಅದು.

"ಕಲ್ಲೊಂದು ಇಲ್ಲವೆಂದು ಉಚ್ಚೆ ಹೊಯ್ದುಕೊಂಡನೇ?" ಎಂದು ನಕ್ಕರು.

ಮೈಯೆಲ್ಲ ಉರಿಯಿತು. ನನಗೇನು ಲಿಂಗದಲ್ಲಿ ಭಕ್ತಿಯೇ? ಇಲ್ಲ. ನನ್ನ ದೇವರು ಬೇರೆ. ಆದರೆ ಸಾವನ್ನು ಒಪ್ಪಿಕೊಂಡು ಬಾಗಿಲಿಗೆ ಬಂದ ಮನುಷ್ಯ ಎಂಥ ಸಾವು ಬೇಡವೆಂದು ಹೇಳುತ್ತಿದ್ದಾನೆ ಎಂಬುದು ನನ್ನಂಥವನಿಗೂ ತಿಳಿಯಿತು, ಅಷ್ಟು ಓದಿದವರಿಗೆ ತಿಳಿಯಬಾರದೇ! ನಾನು ನೇರ ಉಸ್ತಾದನ ಹತ್ತಿರ ಹೋದೆ. ಕೊರಳಲ್ಲಿ ಬೇಡ ಸರಿ, ಮೈಮೇಲೆ ಬೇರೆ ಕಡೆ ಕಟ್ಟಿದರೆ ನಿನ್ನ ತಕರಾರು ಇದೆಯೇ ಎಂದು ಕೇಳಿದೆ. ಉಸ್ತಾದ ಮೀಸೆ ತಿಕ್ಕಿಕೊಂಡು ಯೋಚಿಸಿದ. ಪಟ್ಟಿಗೆ ಸಿಕ್ಕದ ಜಾಗ ತೋರಿಸು, ಜಗ್ಗಿ ನೋಡಿ ಹೇಳುತ್ತೇನೆ ಎಂದ.

ಜಾಗ ಹುಡುಕುವುದು ಸುಲಭವಾಗಲಿಲ್ಲ. ಛತ್ರಿಯ ಪಟ್ಟಿಗಳು ಹೆಗಲು, ಎದೆ, ತೊಡೆ ಎಲ್ಲವನ್ನೂ ಹಿಡಿದಿರುತ್ತವೆ. ಕರಡಿಗೆಯನ್ನು ಕಪಾಟಿನಿಂದ ಅವನೇ ತೆಗೆದುಕೊಂಡ, ಮೊದಲು ತೋಳಿಗೆ ಕಟ್ಟಿಸಿದೆ. ನೆಲದ ಮೇಲೆ ಅಭ್ಯಾಸಕ್ಕೆಂದು ಒಂದು ಮರದ ಚೌಕಟ್ಟು ನಿಲ್ಲಿಸಿದ್ದರು. ಅದಕ್ಕೆ ಹುಡುಗನನ್ನು ಪಟ್ಟಿಸಮೇತ ತೂಗುಹಾಕಿ, ಎತ್ತಿ, ಒಮ್ಮೆಲೇ ಕೈಬಿಟ್ಟೆವು. ಕಟ್ಟು ಜಾರಿ ಮೊಣಕೈಗೆ ಬಂತು. ಅವನ ಮುಖ ಬಿಳಚಿತು, ಇನ್ನೊಂದು ಕೈಯಿಂದ ಗಬಕ್ಕನೆ ಹಿಡಿದುಕೊಂಡ. ನಡುವಿಗೆ ಕಟ್ಟು ಎಂದ ಉಸ್ತಾದ.

"ಲಿಂಗ ಹೊಕ್ಕಳದ ಕೆಳಗ ಇಳೀಬಾರದರಿ. ಹಂಗ ಕಟ್ಟೂದಕಿಂತ ಜೇಲಿಗೆ ಹೊಕ್ಕೇನಿ," ಎಂದ ಹುಡುಗ.

ಉಸ್ತಾದ ಬೈಯುತ್ತಾನೆಂದುಕೊಂಡೆ, ಬೈಯಲಿಲ್ಲ. ತನ್ನ ಮೈಮೇಲೇ ಪಟ್ಟಿಗಳನ್ನು ಕಟ್ಟಿಕೊಂಡು ಬೆರಳಿನಿಂದ ಒತ್ತಿ ಒತ್ತಿ ನೋಡಿದ. ಎಡಬಗಲಿನ ಕೆಳಗೆ, ಪಕ್ಕೆಲುಬಿನ ಮೇಲೆ, ಅಂಗೈಯಗಲ ಜಾಗ ಖಾಲಿ ಇತ್ತು. ಬೆಳ್ಳಿಯ ಕರಡಿಗೆ ಇದ್ದರೆ ಎಲುಬಿಗೆ ಚುಚ್ಚುತ್ತದೆ. ಹುಡುಗ ಲಿಂಗವನ್ನು ಹೊರತೆಗೆದು, ಮಡಿ ವಸ್ತ್ರದಲ್ಲಿ ಸುತ್ತಿ, ಅಲ್ಲಿ ಹಿಡಿದುಕೊಂಡ. ನಾನು ಅಗಲವಾದ ಗಾಯದ ಪಟ್ಟಿಯ ಸುರುಳಿ ಬಿಚ್ಚುತ್ತ ಹೋದೆ, ಎದೆಯ ಸುತ್ತ ಬಿಗಿದು ಸುತ್ತಿಕೊಂಡವನು ಅವನೇ. ನಾನು ಮುಟ್ಟಲಿಲ್ಲ, ಮುಖವನ್ನೂ ಅತ್ತ ತಿರುಗಿಸಿಕೊಂಡಿದ್ದೆ. ಚೌಕಟ್ಟಿನಿಂದ ಮತ್ತೆ ಬೀಳಿಸಿದೆವು. ಮತ್ತೆ ಬೀಳಿಸಿದೆವು. ಉಸ್ತಾದನಿಗೆ ಸಾಕೆನ್ನಿಸುವತನಕ ಬೀಳಿಸಿದೆವು. ಕಟ್ಟು ಕದಲಲಿಲ್ಲ.

ಹಾರಾಟದ ದಿನ ಡಾಕ್ಟರ ಸಾಹೇಬರಿಗೆ ಈ ಏರ್ಪಾಡು ತಿಳಿದು ಇನ್ನಷ್ಟು ಹುರುಪು ಬಂತು. ಕಲ್ಲು ಕಟ್ಟಿಕೊಂಡರೆ ನಾಡಿ ಇಳಿಯುತ್ತದೆ ನೋಡು, ಬಾಯಿ ಹಸಿಯಾಗುತ್ತದೆ ನೋಡು ಎಂದರು. ನೋಡಿದೆವು. ನಾಡಿ ಓಡುವ ಕುದುರೆಯಾಗಿತ್ತು. ಹಿಟ್ಟು ಎಂದಿನಂತೆ ಪುಡಿಪುಡಿಯಾಗಿ ತಾಟಿಗೆ ಬಿತ್ತು. ಬೆರಳು ತಣ್ಣಗಿದ್ದವು. ಸಾಹೇಬರ ಹುಬ್ಬು ಗಂಟಾಯಿತು. ಮೇಲೆ ಹೋದೆವು. ಕೆಂಪು ದೀಪ ಹತ್ತಿದಾಗ ಅವನು ನನ್ನ ಬಕೀಟಿಗೆ ಕಾರಿದ, ಬಾಯಿ ಒರೆಸಿಕೊಂಡ, ಕೊಂಡಿ ಸಿಕ್ಕಿಸಿದ. ಹಸಿರು ದೀಪ ಹತ್ತಿದಾಗ ಎಡಗೈಯನ್ನು ಪಕ್ಕೆಗೆ ಒತ್ತಿ ಹೊರಗೆ ಹೋದ. ಬಾಗಿಲಿನಿಂದ ಬಗ್ಗಿ ನೋಡಿದೆ. ಬಿಳಿಯ ಛತ್ರಿ ಬಿಚ್ಚಿಕೊಂಡು ಅದರ ನೆರಳು ಜೋಳದ ಕೂಳೆಯ ಮೇಲೆ ನಿಧಾನ ಸರಿಯುತ್ತಿತ್ತು. ನನ್ನ ಕಣ್ಣಲ್ಲಿ ನೀರು ಬಂತು. ಬಕೀಟಿನ ನಾತಕ್ಕೆ ಬಂತೆಂದು ಉಸ್ತಾದನಿಗೆ ಹೇಳಿದೆ.

ಕೆಳಗೆ ಬಂದಾಗ ಅವನು ದವಾಖಾನೆ ಡೇರೆಯಲ್ಲಿ ಅಂಗಿ ಕಳಚಿ ಕೂತಿದ್ದ. ಜಿಗಿದದ್ದೇ ಅವನಿಗೆ ನೆನಪಿರಲಿಲ್ಲ. ಬಾಗಿಲು ನೆನಪಿತ್ತು, ಆಮೇಲೆ ನೆಲ ನೆನಪಿತ್ತು. ಡಾಕ್ಟರ ಸಾಹೇಬರು ಅತ್ತಿತ್ತ ತಿರುಗಾಡುತ್ತಿದ್ದರು. ಮೊದಲಿನಷ್ಟೇ ಅಂಜಿದ್ದವನು ಈ ಸಲ ಹೇಗೆ ಜಿಗಿದ ಎಂಬುದು ಅವರ ಶಾಸ್ತ್ರಕ್ಕೆ ಒಗ್ಗಲಿಲ್ಲ. ಅಂಜಿಕೆ ಅಷ್ಟೇ ಇತ್ತು, ಅಂಜಿಕೊಂಡೇ ಜಿಗಿದ. ಅದನ್ನು ಒಪ್ಪಿಕೊಂಡರೆ ಅವರು ಕೂಡಿಸಿದ ಬಾಟಲಿ, ತಾಟು ಎಲ್ಲ ತಿಪ್ಪೆಗೆ ಹೋಗಬೇಕಾಗುತ್ತಿತ್ತು.

"ಇದು ಸಾಲದು," ಎಂದರು ಮರಾಠಿಯಲ್ಲಿ. "ಈಗ ಅದನ್ನು ಬಿಚ್ಚು. ಬಿಚ್ಚಿಟ್ಟು ಇನ್ನೊಮ್ಮೆ ಮೇಲಕ್ಕೆ ಕಳಿಸೋಣ. ಎರಡನ್ನೂ ತಾಳೆ ಹಾಕಿ ನೋಡಬೇಕು. ಕತ್ತರಿ ತಗೋ."

ನನಗೆ ಸರಿಯಾಗಿ ಕೇಳಿತೋ ಇಲ್ಲವೋ ಎನ್ನಿಸಿತು. "ಅವನು ಜಿಗಿದಿದ್ದಾನೆ ಸಾಹೇಬ," ಎಂದೆ.

"ಜಿಗಿದದ್ದು ನನಗೆ ಬೇಕಾಗಿಲ್ಲ. ಬಾಗಿಲಲ್ಲಿ ಯಾಕೆ ನಿಂತ ಎಂಬುದು ಬೇಕು. ಮತ್ತೆ ನಿಲ್ಲಲಿ."

ಆ ಡೇರೆಯಲ್ಲಿ ನಾನು ಕಂಡ ಹೊಲಸೆಲ್ಲ ಆ ಮಾತಿನ ಮುಂದೆ ಗಂಧ. ಕತ್ತರಿ ಮೇಜಿನ ಮೇಲೆ ಇತ್ತು. ಮುಟ್ಟಲಿಲ್ಲ.

"ನನ್ನಿಂದ ಆಗೂದಿಲ್ರಿ," ಎಂದೆ. ಮರಾಠಿ ಮರೆತು ಕನ್ನಡದಲ್ಲೇ ಅಂದೆ.

ಸಾಹೇಬರು ಕರವಸ್ತ್ರ ಕಿಸೆಗೆ ತುರುಕಿ, ತಾವೇ ಕತ್ತರಿ ಎತ್ತಿಕೊಂಡು ಅವನ ಎಡಪಕ್ಕೆಗೆ ಕೈ ಹಾಕಿದರು. ಕಟ್ಟು ಮುಟ್ಟುವಷ್ಟರಲ್ಲಿ ಹುಡುಗ ಅವರ ಮಣಿಕಟ್ಟು ಹಿಡಿದ. ತಿರುವಲಿಲ್ಲ, ತಳ್ಳಲಿಲ್ಲ. ಬಾಗಿಲ ಚೌಕಟ್ಟನ್ನು ಹಿಡಿದಿದ್ದ ಅದೇ ಹಿಡಿತ. ಸಿಪಾಯಿ ಅಧಿಕಾರಿಯ ಮೈ ಮುಟ್ಟಿದ್ದ.

"ಬಿಡು ಅಂತ ಹೇಳು ಇವನಿಗೆ," ಎಂದರು ಸಾಹೇಬರು. ದನಿ ಕೀಚಲಾಗಿತ್ತು.

ಆ ಮಾತನ್ನು ನಾನು ಕನ್ನಡಕ್ಕೆ ತರಲಿಲ್ಲ. ಹುಡುಗ ಅವರ ಮುಖವನ್ನೇ ನೋಡುತ್ತಿದ್ದ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ.

"ಅಂಜಬ್ಯಾಡ್ರಿ ಸಾಹೇಬ್ರ. ನಾ ಏನೂ ಮಾಡೂದಿಲ್ಲ. ಕತ್ರಿ ಅಷ್ಟ ಕೆಳಗ ಇಡ್ರಿ."

ಈ ಮಾತನ್ನು ಮಾತ್ರ ಮರಾಠಿಯಲ್ಲಿ ಹೇಳಿದೆ. ಸಾಹೇಬರು ಕತ್ತರಿ ಇಟ್ಟರು. ಅವನು ಕೈ ಬಿಟ್ಟ. ಅವರು ಡೇರೆಯ ಪರದೆ ಸರಿಸಿ ಹೊರಟುಹೋದರು.

ಸಿಪಾಯಿ ತಮ್ಮ ಕೈ ಹಿಡಿದ ಎಂದು ಹೇಳಲು ಅವರಿಗೆ ನಾಚಿಕೆ. ಹೇಳಿದ್ದರೆ ಯಾಕೆ ಹಿಡಿದ ಎಂಬುದೂ ಬರುತ್ತಿತ್ತು. ಹಾಗಾಗಿ ದೊಡ್ಡ ಸಾಹೇಬರಿಗೆ, ಹುಡುಗ ಮತ್ತೆ ಜಿಗಿಯಲು ಒಲ್ಲೆನೆಂದ, ಅಂಜುಬುರುಕ, ಪಲ್ಟನ್ನಿಗೆ ಲಾಯಕ್ಕಿಲ್ಲ ಎಂದು ಹೇಳಿದರು. ಉಸ್ತಾದ ಹೋಗಿ, ಅವನು ಜಿಗಿದದ್ದನ್ನು ನಾನೇ ನೋಡಿದ್ದೇನೆ ಎಂದ. ನಾನೂ ಕಂಡದ್ದನ್ನೆಲ್ಲ ಹೇಳಿದೆ. ಡಾಕ್ಟರ ಮಾತಿನ ಮುಂದೆ ಹವಾಲ್ದಾರನದು, ಕಂಪೌಂಡರನದು ಯಾವ ಲೆಕ್ಕ? ನನಗೆ ಸಂಡಾಸಿನ ಡ್ರಮ್ಮುಗಳ ಉಸ್ತುವಾರಿ ಕೊಟ್ಟರು. ಹುಡುಗನನ್ನು ಬೆಳಗಾವಿಗೆ ಒಯ್ದು, ಸಮವಸ್ತ್ರ ಕಳಚಿಸಿಕೊಂಡು, ಅಲ್ಲಿಂದ ಮನೆಗೆ ಬಿಡುವುದೆಂದಾಯಿತು. ಲಾರಿ ಹತ್ತುವಾಗ ಅವನು ಕರಡಿಗೆಯನ್ನು ಕೊರಳಿಗೆ ಹಾಕಿಕೊಂಡಿದ್ದ. ಯಾರೂ ಬೇಡ ಅನ್ನಲಿಲ್ಲ.

ಅವನು ಊರು ಮುಟ್ಟುವ ಮೊದಲೇ ಸುದ್ದಿ ಮುಟ್ಟಿರುತ್ತದೆ ಎಂದು ನನಗೆ ಗೊತ್ತಿತ್ತು. ಮೂಡಲಗಿ ಸಂತೆಯಲ್ಲಿ ನಮ್ಮ ಹುಡುಗರು ಹರಟದೆ ಇರುವವರಲ್ಲ. ರಜೆಯ ದಿನ ಒಂದು ಚಕ್ಕಡಿ ಹಿಡಿದು ಕೌಜಲಗಿಗೆ ಹೋದೆ. ಅವನಿನ್ನೂ ಬೆಳಗಾವಿಯಿಂದ ಬಂದಿರಲಿಲ್ಲ. ಅವನ ಹೆಂಡತಿ ಕಟ್ಟೆಯ ಮೇಲೆ ಕೂತು ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದಳು. ನಾನು ಯಾರೆಂದು ಹೇಳಿದೆ. ಸೆರಗು ಸರಿಮಾಡಿಕೊಂಡು ಎದ್ದು ನಿಂತಳು.

"ಅಣ್ಣಾರ, ಮಂದಿ ಏನೇನೋ ಆಡಾಕತ್ತಾರ್ರಿ. ಅಂಜಿ ಪ್ಯಾಂಟಿನ್ಯಾಗ ಹೊಯ್ಕೊಂಡಾ ಅಂತಾರ. ಖರೆ ಏನ್ರಿ?"

ಸುಳ್ಳು ಹೇಳಲೆಂದೇ ಹಾದಿಯುದ್ದಕ್ಕೂ ಮಾತು ಜೋಡಿಸಿಕೊಂಡು ಬಂದಿದ್ದೆ. ಅವಳ ಮುಖ ನೋಡಿದ ಮೇಲೆ ಆಗಲಿಲ್ಲ.

"ಖರೆ ಐತಿ ತಂಗಿ. ಆದ್ರ ಆಮ್ಯಾಲ ಜಿಗದಾನ. ನಾನ ಕಣ್ಣಾರೆ ನೋಡೇನಿ. ಅಂಜುಬುರುಕ ಅಂದವ್ರು ಸುಳ್ಳ ಹೇಳ್ಯಾರ."

"ಅದಿರಲ್ರಿ. ಕೊಳ್ಳಾಗ ಲಿಂಗ ಐತಿಲ್ರಿ?"

"ಐತಿ. ಬಿಚ್ಚಾಕ ಬಂದವ್ರ ಕೈ ಹಿಡದ. ಅದಕ್ಕ ಮನಿಗೆ ಕಳಿಸ್ಯಾರ."

ಅವಳು ಮತ್ತೆ ಕೂತು ಮೊರವನ್ನು ತೊಡೆಯ ಮೇಲೆ ಎಳೆದುಕೊಂಡಳು.

"ಹಂಗಾರ ಬರ್ಲಿ ತಗೋರಿ," ಎಂದಳು. "ಅರಿವಿ ಹೊಲಸಾಗಿದ್ರ ನಾ ಒಗದ ಕೊಡ್ತೇನಿ."